ಚಾಂಪಿಯನ್ನರ ಬಲಗಾಲು

ಚಾಂಪಿಯನ್ನರಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿರಲಿಲ್ಲ.

ಮೋಟಾರ್ ಸೈಕಲ್ ಹಾಗಿರಲಿ, ಹ್ಯಾಂಡಲ್ ಇರುವ ಯಾವ ವಾಹನವೂ ಅವರ ಮಾತು ಕೇಳುತ್ತಿರಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಹೋದರೂ ಅದು ಅವರನ್ನು ಚರಂಡಿಯ ಕಡೆಗೇ ಎಳೆಯುತ್ತಿತ್ತು. ಈ ಸಂಗತಿ ಭೂಮಿಯ ಮೇಲೆ ತಮ್ಮೊಬ್ಬರಿಗೇ ಗೊತ್ತು ಎಂದು ಅವರು ನಂಬಿದ್ದರು. ಮಿಕ್ಕವರಿಗೆ, ಎಂದರೆ ಕಚೇರಿಗೆ, ಬೀದಿಗೆ ಮತ್ತು ಹೆಂಡತಿಯ ತವರಿಗೆ, ಅವರು ಒಂದು ಕಾಲದಲ್ಲಿ ದಿಬ್ಬ ಹಾರುವ ಮೋಟೋಕ್ರಾಸ್ ರೇಸಿನ ಮೈದಾನಗಳಲ್ಲಿ ಮಣ್ಣೆಬ್ಬಿಸಿದ ವೀರ. ಬಲಗಾಲನ್ನು ರೇಸಿಗೆ ಒಪ್ಪಿಸಿ ಕುಂಟುತ್ತ ಮನೆಗೆ ಬಂದ ತ್ಯಾಗಿ.

ಸುಳ್ಳು ಹೇಳಲೇಬೇಕೆಂದು ಹೊರಟವರಲ್ಲ ಅವರು. ಮದುವೆಗೆ ಮೊದಲು ಮಾವನಾಗಲಿದ್ದವರು ಅವರ ನಡಿಗೆ ನೋಡಿ, "ಕಾಲಿಗೇನಾಯ್ತು?" ಎಂದು ಕೇಳಿದ್ದರು. "ರೇಸಲ್ಲಿ ಆಯ್ತು" ಎಂದಿದ್ದರು ಇವರು. ಅದು ಅಕ್ಷರಶಃ ನಿಜ. ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಕುಡಿಸಬೇಕು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ನಿಲ್ಲುತ್ತದೆ. ಹೆಚ್ಚಾದರೆ ಹೊಗೆ ಕಾರಿ ಪ್ಲಗ್ ಕಟ್ಟುತ್ತದೆ. ರೇಸ್ ಮೈದಾನದ ಡೇರೆಯೊಂದರಲ್ಲಿ ಕೂತು ಆ ಬೆರಕೆ ಮಾಡಿಕೊಡುವ ಕೆಲಸ ಆಗ ಇವರದು. ಒಂದು ಮಧ್ಯಾಹ್ನ ಲಾರಿಯಿಂದ ಇಳಿಸುತ್ತಿದ್ದ ಎಣ್ಣೆಯ ಡ್ರಮ್ಮು ಜಾರಿ ಇವರ ಬಲಗಾಲ ಮೇಲೆ ಕೂತಿತು. ಆದರೆ ಮಾವನವರು "ರೇಸು" ಎಂಬಲ್ಲಿಗೇ ಕಣ್ಣರಳಿಸಿ, "ಭೇಷ್! ಗಂಡಸು ಅಂದ್ರೆ ಹಾಗಿರಬೇಕು" ಎಂದು ಬೆನ್ನು ತಟ್ಟಿಬಿಟ್ಟರು. ತಟ್ಟಿದ ಬೆನ್ನಿನ ಮಾಲೀಕರು ಆ ಕೈಯನ್ನು ತಡೆದು ಡ್ರಮ್ಮಿನ ವಿಷಯ ಎತ್ತಬಹುದಾಗಿತ್ತು. ಎತ್ತಲಿಲ್ಲ. ಅಷ್ಟೇ ನಡೆದದ್ದು.

ಮದುವೆಯಾದ ಹೊಸತರಲ್ಲಿ ಹೆಂಡತಿ, "ಹಾಗಾದ್ರೆ ಒಂದು ಸ್ಕೂಟರ್ ತಗೊಳ್ಳೋಣ, ನೀವು ಓಡಿಸಿ" ಎಂದಾಗ ಮಾತ್ರ ಅವರು ಕಿಟಕಿಯಾಚೆ ನೋಡುತ್ತ, "ಇನ್ನು ಹ್ಯಾಂಡಲ್ ಮುಟ್ಟಲ್ಲ ಅಂತ ಪ್ರಮಾಣ ಮಾಡಿದ್ದೀನಿ" ಎಂದರು. ಧ್ವನಿ ಎಷ್ಟು ಚೆನ್ನಾಗಿ ಒಡೆಯಿತೆಂದರೆ ಸ್ವತಃ ಅವರಿಗೇ ಕಣ್ಣು ತುಂಬಿ ಬಂತು.  ಹೆಂಡತಿ ತಾನೇ ಸ್ಕೂಟರ್ ಕಲಿತಳು. ಅಂದಿನಿಂದ ತಾನು ಕೆಲಸ ಮಾಡುವ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿಗೆ ಹೋಗುವ ದಾರಿಯಲ್ಲಿ ಗಂಡನನ್ನು ತೂಕ ಮತ್ತು ಅಳತೆ ಇಲಾಖೆಯ ಮೆಟ್ಟಿಲ ಬಳಿ ಇಳಿಸಿ ಹೋಗುತ್ತಿದ್ದಳು. ಸಂಜೆ ಬಂದು ಹತ್ತಿಸಿಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಚಾಂಪಿಯನ್ನರು ನೆಟ್ಟಗೆ ಕೂತು, ತಿರುವು ಬಂದಾಗಲೆಲ್ಲ ಒಂದು ನಿಟ್ಟುಸಿರು ಬಿಡುತ್ತಿದ್ದರು. ನೋಡಿದವರಿಗೆ ಕರುಳು ಚುರುಕ್ಕೆನ್ನುತ್ತಿತ್ತು. ಹೆಂಡತಿಗೆ ಎಡಭುಜದಲ್ಲಿ ಒಂದು ನೋವು ಕಾಯಂ ಆಗಿ ಉಳಿಯಿತು. ಅದಕ್ಕೆ ಪಾರ್ಸೆಲ್ಲುಗಳೇ ಕಾರಣ ಎಂದು ಚಾಂಪಿಯನ್ನರು ಇಲಾಖೆಯ ಗಾಂಭೀರ್ಯದಿಂದ ತೀರ್ಮಾನಿಸಿದ್ದರು.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿದ್ದಾಗ, ಒಂದು ಭಾನುವಾರ ಬೆಳಗ್ಗೆ ಅವರ ಭಾವಮೈದ, ಹೆಂಡತಿಯ ತಮ್ಮ, ಬಾಡಿಗೆ ಟೆಂಪೋದಲ್ಲಿ ಬಂದಿಳಿದ.

ಈತನಿಗೆ ಟೈಲ್ಸ್ ಅಂಗಡಿ. ಗ್ರಾಹಕರ ಮುಂದೆ ಟೈಲ್ಸನ್ನು ನೆಲಕ್ಕೆ ಎಸೆದು ಅದು ಒಡೆಯುವುದಿಲ್ಲವೆಂದು ತೋರಿಸುವ ಅಭ್ಯಾಸದಿಂದಾಗಿ ಎಲ್ಲ ಕೆಲಸವನ್ನೂ ಸದ್ದು ಮಾಡಿಯೇ ಮಾಡುತ್ತಿದ್ದ. ಟೆಂಪೋ ಹಿಂದೆ ಕಂಬಳಿ ಹೊದೆದು ಏನೋ ನಿಂತಿತ್ತು.

"ಭಾವ! ಕಣ್ಣು ಮುಚ್ಚಿ!"

"ಯಾಕೋ?"

"ಮುಚ್ಚಿ ಅಂದ್ರೆ ಮುಚ್ಚಿ ಭಾವ!"

ಮುಚ್ಚಿದರು. ಮೂಗು ಮಾತ್ರ ಮುಚ್ಚಲಿಲ್ಲ. ಸುಟ್ಟ ಎಣ್ಣೆ, ಹಳೆಯ ಪೆಟ್ರೋಲು, ಒಣಗಿದ ಕೆಸರು ಸೇರಿದ ಆ ವಾಸನೆ ಅವರಿಗೆ ತಕ್ಷಣ ಗೊತ್ತಾಯಿತು. ಕಂಬಳಿ ಎಳೆದ ಸದ್ದಾಯಿತು. ಕಣ್ಣು ಬಿಟ್ಟರೆ ಎದುರಿಗೆ ಒಂದು ಹಳೆಯ ಮೋಟೋಕ್ರಾಸ್ ಗಾಡಿ. ಕೆಂಪು ಟ್ಯಾಂಕು, ಮುಳ್ಳುಮುಳ್ಳಾದ ಟೈರು, ಎತ್ತರದ ಮಡ್‌ಗಾರ್ಡು. ಹೆಡ್‌ಲೈಟಿಲ್ಲ, ಹಾರನ್ನಿಲ್ಲ, ಕನ್ನಡಿಯಿಲ್ಲ. ಹಿಂದೆ ಏನಿದೆ ಎಂದು ನೋಡುವ ಅಗತ್ಯವೇ ಬೀಳದವರಿಗಾಗಿ ಮಾಡಿದ ಗಾಡಿ.

"ಹಳೇ ಗಾಡಿಗಳ ರೇಸು ಭಾವ! ಇಟ್ಟಿಗೆ ಗೂಡಿನ ಹಿಂದಿನ ಮೈದಾನದಲ್ಲಿ. ನಾನೇ ನಡೆಸ್ತಿರೋದು. ಮೊದಲನೇ ಸಾಲಲ್ಲಿ ಮಧ್ಯದ ಜಾಗ ನಿಮ್ದು!"

ಬೀದಿ ಆಗಲೇ ನೆರೆದಿತ್ತು. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು ಪತ್ರಿಕೆ ಮಡಿಚಿಕೊಂಡು ಇಳಿದು ಬಂದರು. ಎದುರುಮನೆಯ ದರ್ಜಿ ಟೇಪು ಕೊರಳಲ್ಲಿಟ್ಟುಕೊಂಡೇ ಓಡಿ ಬಂದ.

"ನನ್ನ ಪ್ರಮಾಣ..." ಎಂದರು ಚಾಂಪಿಯನ್ನರು. ಧ್ವನಿ ಈ ಸಲವೂ ಒಡೆಯಿತು. ಒಡೆಸುವ ಶ್ರಮವೇ ಬೀಳಲಿಲ್ಲ.

"ಹೌದಲ್ಲ" ಎಂದು ಭಾವಮೈದನ ಮುಖ ಬಾಡಿತು.  ಹೆಡ್‌ಮಾಸ್ತರು, "ಮಾತು ಅಂದ್ರೆ ಮಾತು" ಎಂದು ತಲೆದೂಗಿದರು. ಚಾಂಪಿಯನ್ನರಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಕೂರುವುದಕ್ಕೂ ಪುರುಸೊತ್ತಾಗಲಿಲ್ಲ, ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ರೀ, ಆ ಪ್ರಮಾಣ ಮಾಡಿದ್ದು ಯಾರ ಮುಂದೆ?"

"ನಿನ್ನ ಮುಂದೆ."

"ನಾನು ಬಿಟ್ಟುಕೊಟ್ಟಿದ್ದೀನಿ. ಓಡಿಸಿ."

ಬೀದಿ ಚಪ್ಪಾಳೆ ತಟ್ಟಿತು. ಚಾಂಪಿಯನ್ನರು ಹೆಂಡತಿಯ ಮುಖವನ್ನೇ ನೋಡಿದರು. ಆ ಮುಖದಲ್ಲಿ ಪಾರ್ಸೆಲ್ ಕೌಂಟರಿನ ಭಾವವೊಂದನ್ನು ಬಿಟ್ಟು ಇನ್ನೇನೂ ಇರಲಿಲ್ಲ: ಒಳಗೆ ಏನಿದೆ ಎಂದು ಕೇಳುವುದಿಲ್ಲ, ತೂಕ ಮಾತ್ರ ನೋಡುತ್ತೇನೆ ಎಂಬ ಭಾವ.

ಅವತ್ತಿನಿಂದ ಅವರಿಗೆ ಅನ್ನ ಗಂಟಲಲ್ಲಿ ಇಳಿಯದಾಯಿತು. ಬೀದಿಯವರು ನಕ್ಕರೆ ನಗಲಿ. ಕಚೇರಿಯವರು ಆಡಿಕೊಂಡರೆ ವರ್ಗ ಮಾಡಿಸಿಕೊಂಡರಾಯಿತು. ಆದರೆ ಮಳೆಯಲ್ಲಿ, ಬಿಸಿಲಲ್ಲಿ, ಮಗಳು ಹೊಟ್ಟೆಯಲ್ಲಿದ್ದಾಗ ವೈದ್ಯರು ಬೇಡವೆನ್ನುವ ದಿನದವರೆಗೂ, ತಮ್ಮ ಪ್ರಮಾಣಕ್ಕಾಗಿ ಹ್ಯಾಂಡಲ್ ಹಿಡಿದವಳು ಈಕೆ. ಮಗಳು ಓದು ಮುಗಿಸಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದರೂ ಸ್ಕೂಟರ್ ಮಾತ್ರ ಈಕೆಯ ಪಾಲಿಗೇ ಉಳಿದಿತ್ತು. ಇಷ್ಟು ವರ್ಷ ಹೊತ್ತದ್ದು ಖಾಲಿ ಪೆಟ್ಟಿಗೆ ಎಂದು ಗೊತ್ತಾದರೆ ಆಕೆ ಏನು ಮಾಡಿಯಾಳು? ಬಯ್ದರೆ ಪರವಾಗಿಲ್ಲ. ಬಯ್ಯದಿದ್ದರೆ?

ತಪ್ಪಿಸಿಕೊಳ್ಳಲು ಅವರು ಮೊದಲು ಹಿಡಿದದ್ದು ಇಲಾಖೆಯ ದಾರಿ. ಮೇಲಧಿಕಾರಿಯ ಎದುರು ಕೈಕಟ್ಟಿ ನಿಂತು, ರೇಸಿನ ದಿನ ರಜೆ ಬೇಕೆಂದು, ಆದರೆ ಕೊಡದಿದ್ದರೂ ಬೇಸರವಿಲ್ಲವೆಂದು, ಕೊಡದಿರುವುದೇ ಇಲಾಖೆಗೆ ಶೋಭೆಯೆಂದು ವಿನಂತಿಸಿಕೊಂಡರು.

ಮೇಲಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ರೀ ಮಾತಾಡ್ತೀರಾ! ತಕ್ಕಡಿಗೆ ಮುದ್ರೆ ಒತ್ತೋ ಇಲಾಖೆ ಅಂತ ನಮ್ಮನ್ನ ಯಾರಾದ್ರೂ ಕಣ್ಣೆತ್ತಿ ನೋಡಿದ್ದಾರಾ ಇದುವರೆಗೆ? ಇಡೀ ಕಚೇರಿ ಬರುತ್ತೆ. ಬ್ಯಾನರ್ ಹಿಡ್ಕೊಂಡು ಬರುತ್ತೆ. ನೀವು ಬೀಳಬೇಕಾದ್ರೂ ಬ್ಯಾನರ್ ಮುಂದೇನೇ ಬೀಳಿ, ಫೋಟೋ ಚೆನ್ನಾಗಿ ಬರುತ್ತೆ!"

ಇನ್ನೊಂದು ದಾರಿ, ಮೂಳೆ ಡಾಕ್ಟರು. ಈ ಕಾಲಲ್ಲಿ ಗಾಡಿ ಹತ್ತಕೂಡದು ಎಂದು ಅವರಿಂದ ಹೇಳಿಸಿಬಿಟ್ಟರೆ ಮುಗಿಯಿತು. ಆದರೆ ಹೆಂಡತಿ, "ನನ್ನ ಭುಜಾನೂ ತೋರಿಸಬೇಕು, ನಡೀರಿ" ಎಂದು ಜೊತೆಗೇ ಹೊರಟಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿದರು.

"ಇದು ಗಾಡಿಯಿಂದ ಬಿದ್ದ ಪೆಟ್ಟಲ್ಲವಲ್ಲ."

ಚಾಂಪಿಯನ್ನರ ಕೈ ಕುರ್ಚಿಯ ತೋಳನ್ನು ಹುಡುಕಿತು. ಹೆಂಡತಿ ಎಕ್ಸ್‌ರೇ ನೋಡುತ್ತಿದ್ದಳು.

"ಬಿದ್ರೆ ಮೂಳೆ ಉದ್ದಕ್ಕೆ ಸೀಳುತ್ತೆ, ಇಲ್ಲಾ ತಿರುಚುತ್ತೆ. ಇಲ್ಲಿ ನೋಡಿ, ಪಾದ ಅಪ್ಪಚ್ಚಿ ಆಗಿದೆ. ಏನೋ ಭಾರ ಮೇಲಿಂದ ಬಂದು ಕೂತಿದೆ."

"ಗಾಡಿ" ಎಂದರು ಚಾಂಪಿಯನ್ನರು.  "ನಾನು ಮೊದಲು ಬಿದ್ದೆ. ಅದು ಆಮೇಲೆ ಬಂದು ಕೂತ್ಕೊಳ್ತು."

"ಓಹೋ!" ಡಾಕ್ಟರ ಮುಖ ಅರಳಿತು. "ನಾನೂ ರೇಸ್ ಹುಚ್ಚ ಕಣ್ರೀ! ಯೋಚನೆ ಮಾಡ್ಬೇಡಿ, ಈ ಕಾಲಲ್ಲಿ ನೀವು ಬೆಟ್ಟ ಬೇಕಾದ್ರೂ ಹಾರಬಹುದು. ರೇಸಿನ ದಿನ ಆಂಬುಲೆನ್ಸ್ ಜೊತೆ ನಾನೇ ಬರ್ತೀನಿ." ಆಮೇಲೆ ಹೆಂಡತಿಯ ಭುಜ ಒತ್ತಿ ನೋಡಿ, "ಯಾವಾಗ್ಲೂ ಒಂದೇ ಕಡೆ ಏನೋ ಎಳೀತಿದೆಯಮ್ಮ ನಿಮ್ಮನ್ನ. ಭಾರ ಎತ್ತೋದಲ್ಲ ಇದು, ಎಳೆತ" ಎಂದರು.

"ಗೊತ್ತು ಡಾಕ್ಟ್ರೇ" ಎಂದಳು ಹೆಂಡತಿ.

ಇತ್ತ ಬೀದಿಯವರು ಅಭ್ಯಾಸ ನೋಡಲು ಸಂಜೆ ಸಂಜೆ ಗೇಟಿನ ಬಳಿ ಕಾಯತೊಡಗಿದರು. "ರೇಸಿಗೆ ಮುಂಚೆ ಗಾಡಿ ಹತ್ತಬಾರದು. ನಮ್ಮ ಕಾಲದ ಪದ್ಧತಿ" ಎಂದರು ಚಾಂಪಿಯನ್ನರು. ಹೆಡ್‌ಮಾಸ್ತರು ಅದನ್ನು ಬೀದಿಗೆಲ್ಲ ಬಿಡಿಸಿ ಹೇಳಿದರು: "ಇದು ತಪಸ್ಸು. ಅಡುಗೆಯವನು ಊಟಕ್ಕೆ ಮುಂಚೆ ರುಚಿ ನೋಡ್ತಾನಾ? ಹಾಗೇ ಇದೂ." ಅಡುಗೆಯವನು ರುಚಿ ನೋಡಿಯೇ ನೋಡುತ್ತಾನೆ ಎಂದು ದರ್ಜಿ ಹೇಳಲು ಹೋದ. ಹೆಡ್‌ಮಾಸ್ತರು ಅವನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

ರೇಸಿನ ಹಿಂದಿನ ದಿನ ಭಾವಮೈದ ಓಡೋಡಿ ಬಂದ.

"ಭಾವ, ಮುಖ್ಯ ಅತಿಥಿ ಒಪ್ಪಿಬಿಟ್ರು! ನಿಮ್ಮ ಕಾಲದವರೇ. ಬಿರುಗಾಳಿ ಅಂತ ಕರೀತಿದ್ರಲ್ಲ, ಆ ದೊಡ್ಡ ಚಾಂಪಿಯನ್ನು! ನಿಮಗೆ ಗೊತ್ತಿರಬೇಕಲ್ಲ?"

 ಚಾಂಪಿಯನ್ನರಿಗೆ ಗೊತ್ತಿಲ್ಲದೆ ಏನು? ಆ ಬಿರುಗಾಳಿಯ ಗಾಡಿಗೇ ಅವರು ಎಣ್ಣೆ ಬೆರೆಸಿದ್ದು. ಬಿರುಗಾಳಿ ಎಂದೂ ಅವರ ಹೆಸರು ಹಿಡಿದು ಕರೆದವರಲ್ಲ. ಎಣ್ಣೆಯ ಡಬ್ಬಿ ಹಿಡಿದು ಓಡಾಡುವವನಾದ್ದರಿಂದ, "ಲೋ ಡಬ್ಬಿ!" ಎಂದೇ ಕೂಗುತ್ತಿದ್ದರು.

"ಗೊತ್ತು" ಎಂದರು. "ಹತ್ತಿರದಿಂದ ಗೊತ್ತು."

"ನಿಮ್ಮನ್ನ ನೋಡಿದ ಕೂಡ್ಲೇ ಗುರುತು ಹಿಡೀತಾರೆ ಬಿಡಿ!"

"ಅದೇ ಯೋಚನೆ ನಂದೂ."

ರೇಸಿನ ದಿನ ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ತಿರುವುಗಳಲ್ಲಿ ಹಳೆಯ ಲಾರಿ ಟೈರುಗಳ ಗುಡ್ಡೆ. ಗೂಡಿನ ಬೂದಿಯಿಂದ ಎಬ್ಬಿಸಿದ ದಿಬ್ಬಗಳು ಸಾಲಾಗಿ ಬೆನ್ನುಬ್ಬಿಸಿ ಕಾದಿದ್ದವು. ಹೊರಡುವ ಗೆರೆಯ ಹಿಂದೆ, ಸ್ವಲ್ಪ ದೂರದಲ್ಲಿ ಶಾಮಿಯಾನ. ಅದರೊಳಗೆ ಸೋಫಾದ ಮೇಲೆ ಬಿಳಿ ಕೂದಲಿನ ಬಿರುಗಾಳಿ, ಕೈಯಲ್ಲಿ ಊರುಗೋಲು. ಪಕ್ಕದಲ್ಲಿ ಮೇಲಧಿಕಾರಿ. ಎದುರಿಗೆ, ಗೆರೆಯ ಕಡೆ, ಕಚೇರಿಯವರು ಹಿಡಿದ ಬ್ಯಾನರ್. ಶಾಮಿಯಾನಕ್ಕೆ ಅಡ್ಡವಾಗಿಯೂ ಒಂದು ಸಾಲು ಟೈರು ಪೇರಿಸಿದ್ದರು, ಗಾಡಿಗಳು ಎಂದೂ ಅತ್ತ ಬರುವುದಿಲ್ಲವೆಂಬ ಧೈರ್ಯದಲ್ಲಿ, ನೋಡಲು ಚೆನ್ನಾಗಿರಲಿ ಎಂದು.

ಚಾಂಪಿಯನ್ನರು ಹೆಲ್ಮೆಟ್ ಹಾಕಿಕೊಂಡವರು ತೆಗೆಯಲಿಲ್ಲ. ಟೀ ಕೊಟ್ಟರೆ ಹೆಲ್ಮೆಟ್ಟಿನೊಳಗೇ ಕುಡಿದರು. ಅವರ ಬಳಿ ಈಗ ಉಳಿದಿದ್ದದ್ದು ಒಂದೇ ಉಪಾಯ, ಅದೂ ಅಪ್ಪಟ ಟೂ ಸ್ಟ್ರೋಕ್ ಉಪಾಯ. ಪೆಟ್ರೋಲನ್ನು ಎಣ್ಣೆ ಬೆರೆಸದೆ ಹಾಕಿಬಿಟ್ಟರೆ ಎಂಜಿನ್ ಬಿಸಿಯಾಗಿ ಸ್ವಲ್ಪ ಹೊತ್ತಿಗೇ ಕಚ್ಚಿಕೊಂಡು ನಿಲ್ಲುತ್ತದೆ. ಗಾಡಿ ಕೈಕೊಟ್ಟಿತು, ಸವಾರನದೇನೂ ತಪ್ಪಿಲ್ಲ. "ನನ್ನ ಗಾಡಿಗೆ ನಾನೇ ಕುಡಿಸ್ತೀನಿ" ಎಂದು ಡೇರೆಯೊಳಗೆ ಹೋದರು. ಯಾರೂ ಇರಲಿಲ್ಲ. ಪೆಟ್ರೋಲ್ ಕ್ಯಾನು, ಎಣ್ಣೆ, ಅಳತೆ ಪಾತ್ರೆ. ಕ್ಯಾನೆತ್ತಿ ಟ್ಯಾಂಕಿನ ಬಾಯಿಗೆ ಹಿಡಿದರು.

ಕೈ ಬಗ್ಗಲಿಲ್ಲ.

ಇನ್ನೊಮ್ಮೆ ಹಿಡಿದರು. ಜೀವಮಾನದಲ್ಲಿ ಒಂದೇ ಒಂದು ಎಂಜಿನ್ನನ್ನೂ ಒಣಗಲು ಬಿಟ್ಟ ಕೈಯಲ್ಲ ಅದು. ಆಮೇಲೂ ಊರ ತಕ್ಕಡಿಗಳಿಗೆಲ್ಲ ಸರಿ ಎಂದು ಮುದ್ರೆ ಒತ್ತುತ್ತ ಬಂದ ಕೈ. ಯಜಮಾನರು ಏನೆಂದುಕೊಂಡಿದ್ದಾರೆ ಎಂದು ಅದು ಕೇಳಲೇ ಇಲ್ಲ. ತಾನಾಗಿ ಅಳತೆ ಪಾತ್ರೆ ತೆಗೆದುಕೊಂಡಿತು, ಇಪ್ಪತ್ತು ಪಾಲಿಗೆ ಒಂದು ಪಾಲು ಎಣ್ಣೆ ಸುರಿಯಿತು, ಕ್ಯಾನನ್ನು ಕುಲುಕಿತು, ಬೆಳಕಿಗೆ ಹಿಡಿದು ಬಣ್ಣ ನೋಡಿತು, ಟ್ಯಾಂಕಿಗೆ ಹುಯ್ದು ಮುಚ್ಚಳ ತಿರುಗಿಸಿತು. ಎಲ್ಲ ಮುಗಿದ ಮೇಲೆ ಚಾಂಪಿಯನ್ನರು ತಮ್ಮ ಕೈಯನ್ನು ದುರುಗುಟ್ಟಿ ನೋಡಿದರು. ಆ ಊರಿನಲ್ಲಿ ಅಷ್ಟು ಒಳ್ಳೆಯ ಬೆರಕೆ ಕುಡಿದ ಗಾಡಿ ಅವತ್ತು ಇನ್ನೊಂದಿರಲಿಲ್ಲ.

ಮೆಕ್ಯಾನಿಕ್ ಗಾಡಿಯನ್ನು ಗೆರೆಗೆ ತಳ್ಳಿ ತಂದು ನಿಲ್ಲಿಸಿದ. "ಸಾರ್, ಹಳೇ ಪದ್ಧತಿ ರೇಸು. ಎಲ್ಲರ ಎಂಜಿನ್ನೂ ಆಫ್ ಇರುತ್ತೆ. ಬಾವುಟ ಬಿದ್ದ ಮೇಲೇ ಕಿಕ್. ಫಸ್ಟ್ ಗೇರಲ್ಲಿ ಹಾಕಿಟ್ಟಿದ್ದೀನಿ, ಕ್ಲಚ್ ಗಟ್ಟಿಯಾಗಿ ಹಿಡ್ಕೊಂಡಿರಿ. ಒಂದೇ ಒದೆಗೆ ಎದ್ದೇಳುತ್ತೆ." ಆಮೇಲೆ ಕಿವಿಯ ಹತ್ತಿರ ಬಾಗಿ, "ಅರ್ಧ ಒದೆ ಮಾತ್ರ ಬೇಡ. ಹಳೇ ಟೂ ಸ್ಟ್ರೋಕು ಅರ್ಧ ಒದೆಗೆ ಏನು ಮಾಡುತ್ತೆ ಅಂತ ನಿಮ್ಮಂಥೋರಿಗೆ ನಾನೇನು ಹೇಳೋದು!" ಎಂದು ನಕ್ಕ.

ಚಾಂಪಿಯನ್ನರೂ ನಕ್ಕರು. ಏನು ಮಾಡುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವರು ಇದ್ದದ್ದು ಎಣ್ಣೆ ಡೇರೆಯಲ್ಲಿ. ಒದೆಯುವ ಕಡೆಗೆ ಹೋದವರೇ ಅಲ್ಲ. ಕೇಳುವ ಹಾಗೂ ಇರಲಿಲ್ಲ. ಆದರೆ ಆ ಮಾತಿನಿಂದ ಅವರಿಗೊಂದು ಹೊಸ ಬೆಳಕು ಹರಿಯಿತು. ಅರ್ಧ ಒದ್ದರೆ ಗಾಡಿ ಶುರುವೇ ಆಗುವುದಿಲ್ಲ ಎಂದಾಯಿತಲ್ಲ! ಉಳಿದವರು ಹೋಗಲಿ. ತಾವು ಮೆಲ್ಲಗೆ ಒದೆಯುತ್ತಲೇ ಇರುವುದು, ಬೆವರು ಒರೆಸಿಕೊಳ್ಳುವುದು, ಕೊನೆಗೆ ಗಾಡಿಯ ಟ್ಯಾಂಕು ಸವರಿ "ವಯಸ್ಸಾಯ್ತು ಇದಕ್ಕೆ" ಎನ್ನುವುದು. ಒದೆಯಬೇಕಾದ್ದು ಬಲಗಾಲಿನಿಂದ. ಆ ಕಾಲಿಗೆ ಅರ್ಧಕ್ಕಿಂತ ಹೆಚ್ಚು ಒದೆಯುವ ಶಕ್ತಿಯೂ ಇರಲಿಲ್ಲ. ಡ್ರಮ್ಮು ಕೊನೆಗೂ ಉಪಕಾರಕ್ಕೆ ಬಂತು.

ಬಾವುಟ ಮೇಲೇರಿತು. ಜನ ಉಸಿರು ಹಿಡಿದರು. ಹಗ್ಗದಾಚೆ ಹೆಂಡತಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

ಬಾವುಟ ಬಿತ್ತು.

ಎಡಕ್ಕೂ ಬಲಕ್ಕೂ ಗಾಡಿಗಳು ಗುಡುಗಿ, ನೀಲಿ ಹೊಗೆ ಉಗುಳಿ, ಮಣ್ಣು ಚಿಮ್ಮಿಸಿ ನೆಗೆದು ಹೋದವು. ಚಾಂಪಿಯನ್ನರು ಬಲಗಾಲೆತ್ತಿ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ, ಮೆಲ್ಲಗೆ ಕಿಕ್ಕರ್ ಒತ್ತಿದರು.

ಹಳೆಯ ಟೂ ಸ್ಟ್ರೋಕು ಅರ್ಧ ಒದೆಗೆ ಏನು ಮಾಡುತ್ತದೆ ಎಂದರೆ, ಮೇಲೇರುತ್ತಿದ್ದ ಪಿಸ್ಟನ್ನು ತುದಿ ಮುಟ್ಟಲಾರದೆ, ಅಲ್ಲೇ ಕಿಡಿ ತಗುಲಿ, ಬಂದ ದಾರಿಯಲ್ಲೇ ವಾಪಸು ಹೊರಡುತ್ತದೆ. ಎಂಜಿನ್ ಶುರುವಾಗುತ್ತದೆ, ಆದರೆ ಉಲ್ಟಾ. ಆಗ ಮುಂದಕ್ಕೆ ಒಯ್ಯುವ ಗೇರೇ ಗಾಡಿಯನ್ನು ಹಿಂದಕ್ಕೆ ಒಯ್ಯುತ್ತದೆ. ಬೆರಕೆ ಹದವಾಗಿಲ್ಲದಿದ್ದರೆ ಒಮ್ಮೆ ಕೆಮ್ಮಿ ಸುಮ್ಮನಾಗುತ್ತಿತ್ತೇನೋ. ಇದು ಕುಡಿದದ್ದು ಡಬ್ಬಿಯ ಕೈಯ ಬೆರಕೆ. ಗಾಡಿ "ಢಣ್" ಎಂದು ಎದ್ದು ಕೂಗಿತು. ಆ ಕೂಗಿಗೆ ಬೆಚ್ಚಿ ಚಾಂಪಿಯನ್ನರು ಕ್ಲಚ್ ಬಿಟ್ಟರು.

ಮೊದಲಿಗೆ ಅವರಿಗೆ ಗಾಡಿ ನಿಂತಲ್ಲೇ ಇದೆ, ಮೈದಾನ ಮುಂದಕ್ಕೆ ಓಡುತ್ತಿದೆ ಎನಿಸಿತು. ಆಮೇಲೆ ಬಾವುಟ ಹಿಡಿದವನು ಚಿಕ್ಕವನಾಗುತ್ತ ಹೋದ. ಎದೆ ಹ್ಯಾಂಡಲಿಗೆ ಅಪ್ಪಳಿಸಿತು. ಭಯಕ್ಕೆ ಆಕ್ಸಿಲರೇಟರನ್ನೇ ಬಿಗಿಯಾಗಿ ಹಿಡಿದರು. ಗಾಡಿ ಇನ್ನಷ್ಟು ಉತ್ಸಾಹದಿಂದ ಹಿಂದಕ್ಕೆ ಓಡಿತು. ಹಗ್ಗ ಹರಿಯಿತು. ತೀರ್ಪುಗಾರರ ಮೇಜು ಎರಡು ಕಾಲು ಕಳೆದುಕೊಂಡಿತು. ಡಾಕ್ಟರು ಆಂಬುಲೆನ್ಸಿನೊಳಗೆ ಹಾರಿ ಬಾಗಿಲು ಹಾಕಿಕೊಂಡರು. "ಬ್ಯಾನರ್! ಬ್ಯಾನರ್ ಕಾಪಾಡಿ!" ಎಂದು ಮೇಲಧಿಕಾರಿ ಕೂಗುತ್ತಿರುವಾಗಲೇ ಚಾಂಪಿಯನ್ನರು ಅದನ್ನು ಬೆನ್ನಿಗೆ ಸುತ್ತಿಕೊಂಡು ದಾಟಿ ಹೋದರು. ಕೊನೆಗೆ ಆ ಅಲಂಕಾರದ ಟೈರುಗಳ ಸಾಲಿಗೆ ಹಿಂಭಾಗ ಗುದ್ದಿ, ಬಿರುಗಾಳಿಯ ಸೋಫಾದ ಬುಡದಲ್ಲಿ, ಮೈದಾನದ ಕಡೆಗೆ ಮುಖ ಮಾಡಿಕೊಂಡು ಗಾಡಿ ನಿಂತಿತು. ಎಂಜಿನ್ ಆಫ್ ಆಯಿತು. ಬಿರುಗಾಳಿ ಕಾಲೆರಡನ್ನೂ ಸೋಫಾದ ಮೇಲಿಟ್ಟುಕೊಂಡಿದ್ದರು.

ಜನ ಗೆರೆ ಬಿಟ್ಟು ಶಾಮಿಯಾನದ ಕಡೆ ನುಗ್ಗಿದರು.

ಬಿರುಗಾಳಿ ಊರುಗೋಲಿನ ತುದಿಯಿಂದ ಹೆಲ್ಮೆಟ್ಟಿನ ಗಾಜು ಎತ್ತಿ ಇಣುಕಿದರು. ಮೂಗೆಳೆದು ಹೊಗೆಯ ವಾಸನೆ ನೋಡಿದರು. ಮುಖ ಬೆಳಗಿತು. ಎದುರಿದ್ದ ಮೈಕನ್ನು ಕಿತ್ತುಕೊಂಡು ಗರ್ಜಿಸಿದರು:

"ಲೋ ಡಬ್ಬಿ! ಡಬ್ಬಿ ಅಲ್ವೇನೋ ನೀನು!"

ಚಾಂಪಿಯನ್ನರು ಕಣ್ಣು ಮುಚ್ಚಿಕೊಂಡರು. ಮುಗಿಯಿತು.

"ಅವರ ರೇಸಿನ ಹೆಸರು!" ಎಂದು ಹೆಡ್‌ಮಾಸ್ತರು ಪಕ್ಕದವರಿಗೆ ತಿಳಿಸಿದರು. "ಡಬ್ಬಿ! ಡಬ್ಬಿ!" ಎಂದು ದರ್ಜಿ ಕೂಗಿದ. ಮೈದಾನ ದನಿಗೂಡಿಸಿತು.

"ಇವನಿಲ್ದೆ ಒಂದೇ ಒಂದು ರೇಸೂ ಗೆದ್ದಿಲ್ಲ ಕಣ್ರಪ್ಪ ನಾನು" ಎಂದರು ಬಿರುಗಾಳಿ, ಇವರ ಹೆಲ್ಮೆಟ್ ತಟ್ಟುತ್ತ. "ಇವನ ಕಾಲು ಜಜ್ಜಿ ಹೋದ ದಿನ, ಎರಡನೇ ಸುತ್ತಿಗೇ ನನ್ನ ಗಾಡಿ ಕಚ್ಕೊಂಡು ನಿಂತೋಯ್ತು."

"ಎಂಥ ಸ್ನೇಹ!" ಎಂದು ಮೇಲಧಿಕಾರಿ ಕಣ್ಣು ತುಂಬಿಕೊಂಡರು. ಒರೆಸಿಕೊಳ್ಳಲು ಬ್ಯಾನರ್ ಹುಡುಕಿದರು, ಅದು ಚಾಂಪಿಯನ್ನರ ಮೈಮೇಲಿತ್ತು.

ಭಾವಮೈದ ಹಿಗ್ಗಿ ಹೀರೇಕಾಯಿಯಾಗಿ ಮುಂದೆ ಬಂದ. "ಸಾರ್, ಭಾವನ ರೈಡಿಂಗ್ ಬಗ್ಗೆ ಎರಡು ಮಾತು ಹೇಳಿ ಸಾರ್!"

"ರೈಡಿಂಗಾ?" ಬಿರುಗಾಳಿ ತಬ್ಬಿಬ್ಬಾದರು. "ಇವನು ಗಾಡಿ ಹತ್ತಿದ್ದನ್ನ ನಾನು ನೋಡಿದ್ದೇ ಇವತ್ತು!"

ಮಾತು ಮೈಕಿನಲ್ಲಿ ನಾಲ್ಕು ದಿಕ್ಕಿಗೂ ಹೋಗಿ, ಇಟ್ಟಿಗೆ ಗೂಡಿಗೆ ಬಡಿದು, ಇನ್ನೊಮ್ಮೆ ವಾಪಸು ಬಂತು. ಭಾವಮೈದನ ನಗು ಅರ್ಧಕ್ಕೆ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಂಪಿಯನ್ನರು ಹಗ್ಗದ ಕಡೆ ತಿರುಗಿದರು. ಹೆಂಡತಿ ಇನ್ನೂ ಅಲ್ಲೇ ನಿಂತಿದ್ದಳು. ಹೆಲ್ಮೆಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

ಆಗ ಹೆಡ್‌ಮಾಸ್ತರು ಕುರ್ಚಿಯ ಮೇಲೆ ಹತ್ತಿ ನಿಂತರು.

"ಅರ್ಥ ಆಗ್ಲಿಲ್ವೇನ್ರೋ! ಇವರು ಎಷ್ಟು ಮುಂದೆ ಇರ್ತಿದ್ರು ಅಂದ್ರೆ, ಹಿಂದೆ ಬರೋ ಬಿರುಗಾಳಿಯವರ ಕಣ್ಣಿಗೆ ಹೇಗ್ರೋ ಬೀಳ್ತಾರೆ? ಅವರು ನೋಡಲಿ ಅಂತಾನೇ ಇವತ್ತು ಹಿಂದಕ್ಕೆ ಬಂದ್ರು!"

ಮೈದಾನ ಹುಚ್ಚೆದ್ದಿತು. ಬಿರುಗಾಳಿ ಮೈಕಿನಲ್ಲಿ "ಹಾಗಲ್ಲ, ಇವನು ಎಣ್ಣೆ..." ಎಂದು ಏನೋ ಹೇಳಿದರು, ಯಾರಿಗೂ ಕೇಳಲಿಲ್ಲ. ಜನ ಚಾಂಪಿಯನ್ನರನ್ನು ಹೆಗಲಿಗೇರಿಸಿಕೊಂಡರು. ರೇಸನ್ನು ನಿಜವಾಗಿ ಗೆದ್ದವನು ಮೂರನೇ ಸುತ್ತು ಮುಗಿಸಿ ಬಂದು, ಗೆರೆಯ ಬಳಿ ಯಾರೂ ಇಲ್ಲದ್ದನ್ನು ಕಂಡು, ಇನ್ನೂ ಒಂದು ಸುತ್ತು ಬಾಕಿ ಇರಬೇಕೆಂದು ಮತ್ತೆ ಹೊರಟುಹೋದ.

"ಭಾವ, ಮುಂದಿನ ವರ್ಷಕ್ಕೆ ನಿಮ್ದು ಪೂರ್ತಿ ರಿವರ್ಸ್ ಪ್ರದರ್ಶನ!" ಎಂದು ಭಾವಮೈದ ಕಿರುಚುತ್ತಲೇ ಇದ್ದ. ಬಿಸಿಲಿಳಿದ ಮೇಲೆ, ಹಾರ ಹಾಕಿಕೊಂಡು, ಎದೆ ನೀವಿಕೊಳ್ಳುತ್ತ ಚಾಂಪಿಯನ್ನರು ಸ್ಕೂಟರಿನ ಹಿಂದೆ ಹತ್ತಿ ಕೂತರು.

ಹೆಂಡತಿ ಸ್ಕೂಟರ್ ಹೊರಡಿಸಿದಳು. ಇಟ್ಟಿಗೆ ಗೂಡು ಹಿಂದಾಯಿತು. ಪೆಟ್ರೋಲ್ ಬಂಕ್ ಹಿಂದಾಯಿತು. ಚಾಂಪಿಯನ್ನರು ಆಕೆಯ ಬೆನ್ನನ್ನೇ ನೋಡುತ್ತ ಕಾದರು.

"ಡಬ್ಬಿ" ಎಂದಳು ಹೆಂಡತಿ, ರಸ್ತೆ ನೋಡುತ್ತಲೇ.

ಚಾಂಪಿಯನ್ನರು ಹಾರ ತೆಗೆದು ಮಡಿಲಲ್ಲಿಟ್ಟುಕೊಂಡರು. "ಡ್ರಮ್ಮು ಕಣೆ" ಎಂದರು. "ಗಾಡಿ ಅಲ್ಲ. ಎಣ್ಣೆ ಡ್ರಮ್ಮು. ನಂಗೆ ಗಾಡಿ ಓಡಿಸೋಕೇ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ."

"ಗೊತ್ತು."

"ಡಾಕ್ಟ್ರು ಹೇಳಿದಾಗ ಗೊತ್ತಾಯ್ತಾ?"

"ಸ್ಕೂಟರ್ ತಗೊಂಡ ದಿನವೇ ಗೊತ್ತಾಯ್ತು. ಗಾಡಿ ಓಡಿಸಿದೋರು ತಿರುವಲ್ಲಿ ಗಾಡಿ ಜೊತೆ ಬಾಗ್ತಾರೆ ರೀ. ನೀವು ನಾನು ಎಡಕ್ಕೆ ಬಾಗಿದ್ರೆ ಬಲಕ್ಕೆ ವಾಲ್ತೀರಿ, ಬಲಕ್ಕೆ ಬಾಗಿದ್ರೆ ಎಡಕ್ಕೆ. ನಿಟ್ಟುಸಿರು ಬೇರೆ. ಇಷ್ಟು ವರ್ಷ ನಿಮ್ಮನ್ನ ಎಳೆದೆಳೆದೇ ನನ್ನ ಭುಜ ಹೋಗಿದ್ದು."

ಚಾಂಪಿಯನ್ನರು ಹಾರದಿಂದ ಒಂದು ಹೂವು ಕಿತ್ತರು. ಕೊನೆಗೆ, "ಮತ್ತೆ ಯಾಕೆ ಹೇಳ್ಲಿಲ್ಲ?" ಎಂದರು.

ಆಕೆ ಎದುರು ಬಂದ ಬಸ್ಸಿಗೆ ದಾರಿ ಬಿಟ್ಟಳು. "ನಮ್ಮನೇಲಿ ಗಾಡಿ ಕೀಲಿ ಯಾವಾಗ್ಲೂ ತಮ್ಮನ ಜೇಬಲ್ಲೇ ಇರ್ತಿತ್ತು. ಅಪ್ಪ ಒಂದು ಸಲಾನೂ ನನ್ನ ಕೈಗೆ ಕೊಟ್ಟಿಲ್ಲ. ನೀವು ಆ ಕಿಟಕಿ ಹತ್ರ ನಿಂತು ಪ್ರಮಾಣ, ಗಿಮಾಣ ಅಂದ್ರಲ್ಲ, ಅವತ್ತು ಕೀಲಿ ನನಗೆ ಸಿಕ್ತು. ಬಾಯಿ ಬಿಟ್ಟು ಕಳ್ಕೊಳ್ಲಾ?"

"ಹಾಗಾದ್ರೆ ಆ ಪ್ರಮಾಣ ಯಾಕೆ ಬಿಡಿಸಿದೆ? ಸಾಯ್ತಿದ್ದೆ ಇವತ್ತು!"

"ಎಷ್ಟು ದೂರ ಎಳೀತೀರಿ ನೋಡೋಣ ಅಂತ" ಎಂದಳು. ಹೆಲ್ಮೆಟ್ಟಿನೊಳಗೆ ನಗುತ್ತಿದ್ದಾಳೆಂದು ಬೆನ್ನಿನ ಕುಲುಕಾಟದಿಂದ ಗೊತ್ತಾಯಿತು. "ಇಷ್ಟು ಹಿಂದಕ್ಕೆ ಎಳೀತೀರಿ ಅಂತ ಗೊತ್ತಿರ್ಲಿಲ್ಲ."

ಅಂಚೆ ಕಚೇರಿಯ ದೊಡ್ಡ ತಿರುವು ಬಂತು.

"ನಾನು ಓಡಿಸೋದು ಕಲೀಲಾ?" ಎಂದು ಚಾಂಪಿಯನ್ನರು ಸಣ್ಣ ದನಿಯಲ್ಲಿ ಕೇಳಿದರು.

"ಕೀಲಿ ಕೇಳಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ. ಮೊದಲು ಹಿಂದೆ ಕೂರೋದು ಕಲೀರಿ. ಈಗ ಎಡಕ್ಕೆ. ನನ್ನ ಜೊತೆ. ಬಾಗಿ!"

ಚಾಂಪಿಯನ್ನರು ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಜೀವಮಾನದಲ್ಲಿ ಮೊದಲ ಸಲ ಗಾಡಿ ಹೋಗುವ ಕಡೆಗೇ ಬಾಗಿದರು. ಸ್ಕೂಟರ್ ಬೆಣ್ಣೆಯಂತೆ ತಿರುಗಿತು. ಮಡಿಲಲ್ಲಿದ್ದ ಹಾರ ಜಾರಿ ರಸ್ತೆಗೆ ಬಿತ್ತು. ಇಬ್ಬರೂ ಹಿಂದಿರುಗಿ ನೋಡಲಿಲ್ಲ.